ಹೊರಗಿನ ಜಿಪ್ಪು

ಆಫ್ರಿಕಾ ಅಂದರೆ ಬರೀ ಬಿಸಿಲು ಅಂದುಕೊಂಡವರಿಗೆ ನೈರೋಬಿಯ ಚಳಿಯ ಬಗ್ಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇಷ್ಟು ವರ್ಷಗಳಾದರೂ ಊರಿನಿಂದ ಫೋನ್ ಮಾಡುವ ನನ್ನ ಅಕ್ಕ ಮೊದಲು ಕೇಳುವುದು "ಅಲ್ಲಿ ಸೆಕೆ ಹೇಗುಂಟು?" ಅಂತಲೇ. ನಾನು ಕಾಲಿಗೆ ಸಾಕ್ಸು ಹಾಕಿಕೊಂಡು, ಮೈಗೆ ಶಾಲು ಸುತ್ತಿಕೊಂಡು "ಉಂಟು, ಉಂಟು" ಅನ್ನುತ್ತೇನೆ. ಅವಳನ್ನು ಬೈದು ಪ್ರಯೋಜನವಿಲ್ಲ. ನಾವೂ ಹಾಗೇ ಬಂದವರು.

ನನ್ನ ಗಂಡನಿಗೆ ಇಲ್ಲಿಯ ಔಷಧಿ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಕೆಲಸ ಸಿಕ್ಕಿದಾಗ ನಾವು ಮೈಸೂರಿನಲ್ಲಿದ್ದೆವು. ಇವರು ಮೈಸೂರಿನವರೇ, ನಾನು ಘಟ್ಟದ ಕೆಳಗಿನವಳು, ಕಾಪು ಕಡೆಯವಳು. ಆಫ್ರಿಕಾ ತಾನೇ ಅಂತ ಎರಡು ಸೂಟ್‌ಕೇಸ್ ತುಂಬ ಹತ್ತಿ ಬಟ್ಟೆ ತುಂಬಿಕೊಂಡು ಹೊರಟೆವು. ಬಂದಿಳಿದದ್ದು ಜುಲೈ ತಿಂಗಳಲ್ಲಿ. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟದ್ದೇ ಹಲ್ಲು ಕಟಕಟ ಅನ್ನತೊಡಗಿದವು. ಕರೆದುಕೊಂಡು ಹೋಗಲು ಬಂದಿದ್ದ ಇವರ ಸಹೋದ್ಯೋಗಿ ನಮ್ಮನ್ನು ನೋಡಿ ನಕ್ಕುಬಿಟ್ಟರು. ನಮ್ಮ ಕಡೆಯಿಂದ ಬರುವ ಪ್ರತಿಯೊಂದು ಸಂಸಾರವೂ ಮೊದಲ ಸಲ ಹೀಗೇ ನಡುಗುತ್ತಾ ಇಳಿಯುತ್ತದಂತೆ. ಮರುದಿನ ವೆಸ್ಟ್‌ಲ್ಯಾಂಡ್ಸ್‌ನ ಅಂಗಡಿಯಲ್ಲಿ ಎರಡು ಸ್ವೆಟರ್ ಕೊಂಡೆವು. ಇವರದ್ದು ಬೂದು ಬಣ್ಣದ್ದು, ಮುಂದೆ ಗುಂಡಿಗಳಿರುವಂಥದ್ದು. ನನ್ನದು ಕಡುಕೆಂಪು.

ಆ ಅವಮಾನವನ್ನು ಇವರು ಮರೆಯಲಿಲ್ಲ. ಇವರಿಗೆ ಲೆಕ್ಕ ತಪ್ಪುವುದು ಅಂದರೆ ಆಗದು. ಇವರು ಪ್ಯಾಕ್ ಮಾಡುವುದನ್ನು ನೋಡಬೇಕು, ಮೆಷಿನ್ ಬಿಚ್ಚಿ ಮತ್ತೆ ಜೋಡಿಸುವವರ ಹಾಗೆ. ಬಟ್ಟೆಯನ್ನು ಮಡಿಸುವುದಿಲ್ಲ, ಬಿಗಿಯಾಗಿ ಸುತ್ತುತ್ತಾರೆ, ತೋಳುಗಳನ್ನು ಒಳಗೆ ಸಿಕ್ಕಿಸಿ. ಕೊನೆಗೆ ಬೇಕಾದದ್ದು ತಳಕ್ಕೆ, ಮೊದಲು ಬೇಕಾದದ್ದು ಮೇಲೆ. ನಮ್ಮಲ್ಲಿ ಒಂದು ದೊಡ್ಡ ನೀಲಿ ಬ್ಯಾಗಿದೆ. ಅದರ ಹೊರಮೈಯಲ್ಲಿ ಉದ್ದಕ್ಕೆ ಒಂದು ಜಿಪ್ಪು, ಒಳಗೆ ದೊಡ್ಡ ಖಾನೆ. ಆ ಖಾನೆಯಲ್ಲಿ ವಾಪಸ್ ಬರುವ ದಿನದ ಸ್ವೆಟರ್‌ಗಳು ಮಾತ್ರ. ಊರಿಗೆ ಹೋಗಲಿ, ಮೊಂಬಾಸಾಕ್ಕೆ ಹೋಗಲಿ, ಹೊರಡುವ ದಿನ ಅದರ ಜಿಪ್ಪು ಎಳೆದರೆ ಮುಗಿಯಿತು, ಮತ್ತೆ ತೆಗೆಯುವುದು ನೈರೋಬಿಯ ಗಾಳಿ ಮುಖಕ್ಕೆ ಹೊಡೆದಾಗಲೇ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಮೊಂಬಾಸಾದಲ್ಲಿ ಅದರೊಳಗೆ ಒದ್ದೆ ಕಪ್ಪೆಚಿಪ್ಪು ತುಂಬಿ ಬೈಸಿಕೊಂಡಿದ್ದಳು. "ಅದು ನೈರೋಬಿ ಖಾನೆ ಕಣಮ್ಮ, ನೈರೋಬೀಲೇ ತೆಗೀಬೇಕು" ಅಂತ ಇವರು ಹೇಳಿದ್ದು ನಮ್ಮ ಮನೆಯಲ್ಲಿ ಕಾಯ್ದೆಯಾಗಿ ನಿಂತಿತು. ಊರಿನಿಂದ ಬರುವಾಗ ಚಕ್ಕುಲಿ ಡಬ್ಬಕ್ಕೆ ಜಾಗ ಇಲ್ಲದಿದ್ದರೂ ಆ ಖಾನೆಗೆ ಯಾರೂ ಕೈಹಾಕುತ್ತಿರಲಿಲ್ಲ.

ಇವರಿಗೆ ಬೆಳಿಗ್ಗೆ ಸ್ಪ್ರಿಂಗ್ ವ್ಯಾಲಿ ಕಡೆ ವಾಕಿಂಗ್ ಹೋಗುವ ಅಭ್ಯಾಸವಿತ್ತು. ಎಷ್ಟೋ ವರ್ಷ ನಾನೂ ಜೊತೆಗೆ ಹೋಗಿದ್ದೇನೆ. ಅಲ್ಲಿ ಒಂದು ಏರು ಬರುತ್ತದೆ. ಒಂದು ಕಾಲದಿಂದ ಇವರು ಆ ಏರಿನ ನಡುವೆ ಬೂಟಿನ ಲೇಸು ಕಟ್ಟಲು ಕೂರತೊಡಗಿದರು. ನಾನು ತಮಾಷೆ ಮಾಡುತ್ತಿದ್ದೆ, ಇಂಜಿನಿಯರಿಗೆ ಒಂದು ಗಂಟು ಹಾಕಲು ಬರುವುದಿಲ್ಲ ಅಂತ. ಆಮೇಲೆ ಒಂದು ದಿನ ಲೇಸೇ ಇಲ್ಲದ ಚಪ್ಪಲಿ ಹಾಕಿಕೊಂಡು ಬಂದವರು ಅದೇ ಜಾಗದಲ್ಲಿ ಕೂತರು. ಆವತ್ತು ನಾನು ತಮಾಷೆ ಮಾಡಲಿಲ್ಲ.

ಡಾಕ್ಟರು ಇಲ್ಲೇ ಹುಟ್ಟಿ ಬೆಳೆದ ಗುಜರಾತಿ, ಮೆತ್ತಗೆ ಮಾತಾಡುವ ಮನುಷ್ಯ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತಿದೆ ಅಂದರು. ಯಾಕೆ ಅಂದರೆ ಗೊತ್ತಿಲ್ಲ, ಕೆಲವರಿಗೆ ಹಾಗಾಗುತ್ತದೆ. ಆದದ್ದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ಫೋಟೋ ತೋರಿಸಿದರು. ನನಗೆ ಕಂಡದ್ದು ಮೈ ಉಜ್ಜಲು ಒಣಗಿಸಿಟ್ಟ ಹೀರೇಕಾಯಿಯ ನಾರು. ಇಷ್ಟು ವರ್ಷ ಔಷಧಿ ಕಾರ್ಖಾನೆಯ ಮೆಷಿನ್‌ಗಳನ್ನು ನಿಲ್ಲದಂತೆ ನೋಡಿಕೊಂಡ ಮನುಷ್ಯನಿಗೆ ಔಷಧಿ ಇಲ್ಲ ಅಂದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲು ಯಾರೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಬಂತು.

ಮನೆಗೆ ಆಮ್ಲಜನಕದ ಮೆಷಿನ್ ಬಂತು. ಮಲಗುವ ಕೋಣೆಯ ಮೂಲೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಟ್ಟುವ ಒಂದು ಪೆಟ್ಟಿಗೆ, ಅದರಿಂದ ಮೂಗಿನವರೆಗೆ ಉದ್ದನೆಯ ಟ್ಯೂಬು. ಟ್ಯೂಬು ಎಲ್ಲಿಯವರೆಗೆ ಬರುತ್ತದೆ ಅಂತ ಇವರೇ ಟೇಪು ಹಿಡಿದು ಅಳೆದರು. ಬಚ್ಚಲಿಗೆ ಸಾಕು, ಹಜಾರದ ಮೊದಲ ಕುರ್ಚಿಯವರೆಗೆ ಸಾಕು. ಅಡುಗೆಮನೆಗೆ ಬಾರದು. "ಒಳ್ಳೇದೇ ಆಯ್ತು ಬಿಡು, ಇನ್ಮೇಲೆ ನಿನ್ನ ಸಾರಿಗೆ ಉಪ್ಪು ಜಾಸ್ತಿ ಅನ್ನೋಕೆ ನಾನಲ್ಲಿಗೆ ಬರಲ್ಲ" ಅಂದರು.

ಮಾರ್ಚ್ ತಿಂಗಳಲ್ಲಿ ಡಾಕ್ಟರು ಮೊಂಬಾಸಾದ ಮಾತೆತ್ತಿದರು. ನೈರೋಬಿ ತುಂಬ ಎತ್ತರದ ಊರು, ಇಲ್ಲಿಯ ಗಾಳಿ ತೆಳು. ಸಮುದ್ರದ ಮಟ್ಟಕ್ಕೆ ಇಳಿದರೆ ಉಸಿರಾಟ ಸುಲಭವಾಗಬಹುದು. ಇಂಡಿಯಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದೆ. ಅಷ್ಟು ಹೊತ್ತಿನ ವಿಮಾನ ಪ್ರಯಾಣದ ಅನುಮತಿ ಚೀಟಿಗೆ ತಾನು ಸಹಿ ಹಾಕಲಾರೆ ಅಂದರು. ನಾನು ಬಿಡಲಿಲ್ಲ. ಮೊಂಬಾಸಾಕ್ಕೆ ಹೋದರೆ ಗುಣವಾಗುತ್ತದಾ ಅಂತ ಕೇಳಿದೆ. ಸುಲಭವಾಗುತ್ತದೆ ಅಂದರು. ಗುಣವಾಗುತ್ತದಾ ಅಂತ ಮತ್ತೆ ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, ಸುಲಭವಾಗುತ್ತದೆ ಅಂತಲೇ ಹೇಳಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

ಕಾರಿನಲ್ಲಿ ಇವರು ನಕ್ಕರು. "ಜೀವಮಾನವಿಡೀ ನಿಮ್ಮೂರ ಸೆಕೆ ತಪ್ಪಿಸ್ಕೊಂಡು ಓಡಾಡಿದೆ. ಈಗ ನೋಡು, ಡಾಕ್ಟ್ರೇ ಚೀಟಿ ಬರ್ಕೊಟ್ರು."

ಅದು ನಿಜ. ಮದುವೆಯಾದ ಹೊಸತರಲ್ಲಿ ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದವರು ಬೆವರು ಒರೆಸಿಕೊಂಡೇ ಸುಸ್ತಾಗಿ, ಆಫೀಸಿನಿಂದ ಫೋನ್ ಬಂತು ಅಂತ ಸುಳ್ಳು ಹೇಳಿ ಘಟ್ಟ ಹತ್ತಿಬಿಟ್ಟಿದ್ದರು. ಅಳಿಯನಿಗೆ ನಮ್ಮ ಮೀನು ಹಿಡಿಸಲಿಲ್ಲವೇನೋ ಅಂತ ನನ್ನಮ್ಮ ವರ್ಷಗಟ್ಟಲೆ ಕೊರಗಿದರು. ಮೀನಲ್ಲ, ಸೆಕೆ. ಅದನ್ನು ಹೇಳಿದರೆ ಅಮ್ಮನಿಗೆ ಇನ್ನೂ ಬೇಸರವಾಗುತ್ತಿತ್ತು.

ಕಾರ್ಖಾನೆಯವರು ಮೊಂಬಾಸಾದ ನ್ಯಾಲಿಯಲ್ಲಿರುವ ತಮ್ಮ ಗೆಸ್ಟ್ ಹೌಸ್ ಕೊಟ್ಟರು, ಡ್ರೈವರನ ಜೊತೆ ವ್ಯಾನೂ ಕೊಟ್ಟರು. ಮಗಳ ಶಾಲೆಗೆ ಏಪ್ರಿಲ್ ರಜೆ ಶುರುವಾದ ಕೂಡಲೇ ಹೊರಡುವುದು ಅಂತಾಯಿತು. ಸುದ್ದಿ ಹಬ್ಬಿ ಜನ ನೋಡಲು ಬರತೊಡಗಿದರು. ಗಿಗಿರಿಯ ದೊಡ್ಡ ಆಫೀಸಿನಲ್ಲಿರುವ ಬೆಂಗಳೂರಿನವರೊಬ್ಬರ ಹೆಂಡತಿ ಒಂದು ಡಬ್ಬ ಬಿಸಿಬೇಳೆಬಾತು, ಒಂದು ಟ್ಯೂಬು ಸನ್‌ಸ್ಕ್ರೀನು, ಹುಲ್ಲಿನ ಟೋಪಿ ತಂದಳು. "ಮೊಂಬಾಸಾ ಸಕ್ಕತ್ತಾಗಿರತ್ತೆ ಅಕ್ಕ. ಒಂದು ಚೇಂಜ್ ಇರತ್ತೆ. ಪಾಸಿಟಿವ್ ಆಗಿರಿ" ಅಂದಳು. ಆ ಡಬ್ಬವನ್ನು ಅವಳ ತಲೆಯ ಮೇಲೆ ಬೋರಲು ಹಾಕಬೇಕು ಅನ್ನಿಸಿತು. ಒಳ್ಳೆಯ ಹುಡುಗಿಯೇ, ಬಾತೂ ಚೆನ್ನಾಗಿತ್ತು. ಆದರೆ ಪಾಸಿಟಿವ್ ಆಗಿರಿ ಅನ್ನುವವರನ್ನು ಕಂಡರೆ ನನಗೆ ಆಗ ಮೈ ಉರಿಯುತ್ತಿತ್ತು. ಅವಳು ಹೋದ ಮೇಲೆ ಇವರು ಮೂಗಿನ ಟ್ಯೂಬಿನ ಜೊತೆಗೇ ಆ ಟೋಪಿ ಹಾಕಿಕೊಂಡು "ಹೆಂಗಿದೀನಿ?" ಅಂದರು. ನಾನೂ ಮಗಳೂ ನಕ್ಕೆವು. ಇವರೂ ನಕ್ಕರು. ನಗು ಕೆಮ್ಮಾಗಿ ತಿರುಗಿತು, ಕೆಮ್ಮು ನಿಲ್ಲಲಿಲ್ಲ, ತುಟಿ ನೀಲಿಯಾಗುವವರೆಗೂ ನಿಲ್ಲಲಿಲ್ಲ. ಟೋಪಿ ಎಲ್ಲೋ ಉರುಳಿ ಹೋಗಿತ್ತು. ಆವತ್ತಿನಿಂದ ಮನೆಯಲ್ಲಿ ಇವರನ್ನು ನಗಿಸುವುದಕ್ಕೂ ನಾವು ಹೆದರಿದೆವು.

ಮನೆಗೆಲಸಕ್ಕೆ ಬರುವ ಹೆಂಗಸು ನೆಲ ಒರೆಸುತ್ತಾ ನನ್ನನ್ನು ನೋಡಿ "ಪೋಲೆ, ಮಾಮಾ" ಅಂದಳು. ಮಾಮಾ ಅಂದರೆ ಇಲ್ಲಿ ಅಮ್ಮ. ಈ ಊರಿನಲ್ಲಿ ಕಾಲು ಎಡವಿದರೂ ಪೋಲೆ, ಹಾಲು ಉಕ್ಕಿ ಚೆಲ್ಲಿದರೂ ಪೋಲೆ, ಮನೆಯಲ್ಲಿ ಸಾವಾದರೂ ಪೋಲೆ. ನಿನ್ನ ಕಷ್ಟ ಕಂಡೆ ಅನ್ನುವುದಷ್ಟೇ ಅದರ ಅರ್ಥ. ಸರಿ ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ಅವಳ ಮಾತಿಗೆ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಈ ಸಲ ಪ್ಯಾಕ್ ಮಾಡುವುದು ನನ್ನ ಪಾಲಿಗೆ ಬಂತು. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಮಂಚದ ಮೇಲೆ ಹರಡಿಕೊಂಡು ತುಂಬುವುದು. ಹೇಳುವುದು ಅಂದರೆ ಒಂದೊಂದೇ ಮಾತು, ನಡುವೆ ಉಸಿರಿಗೆ ಬಿಡುವು. ಆದರೂ ಸುಮ್ಮನಿರುವ ಜಾತಿಯಲ್ಲ. ನನಗೋ ಹೇಳಿಸಿಕೊಳ್ಳುವುದು ಆಗದು, ಅದರಲ್ಲೂ ಸೆಕೆಯ ವಿಷಯದಲ್ಲಿ. ಘಟ್ಟದ ಮೇಲಿನವರು ಬಿಸಿಲು ಅಂದರೆ ಟೋಪಿ, ಕಪ್ಪು ಕನ್ನಡಕ ಅಂದುಕೊಳ್ಳುತ್ತಾರೆ. ಬಿಸಿಲು ಹೇಗೋ ತಡೆಯುತ್ತದೆ, ನೆರಳಿಗೆ ಹೋದರಾಯಿತು. ಬೆವರಿಗೆ ನೆರಳಿಲ್ಲ. ಅದಕ್ಕೆ ಹೊಸ ಬಟ್ಟೆ ಆಗುವುದಿಲ್ಲ, ಒಗೆದು ಒಗೆದು ಮೆತ್ತಗಾದದ್ದೇ ಬೇಕು. ಇವರ ಹಳೆಯ ಪಂಚೆಗಳನ್ನು, ತೆಳುವಾದ ಬನಿಯನ್‌ಗಳನ್ನು, ಅಮ್ಮ ಕೊಟ್ಟಿದ್ದ ಬೈರಾಸುಗಳನ್ನು ಆರಿಸಿದೆ. ಬೈರಾಸು ಅಂದರೆ ನಮ್ಮ ಕಡೆಯ ತೆಳು ಹತ್ತಿ ಟವೆಲು, ಬೆವರನ್ನು ಕುಡಿದು ಗಾಳಿಗೆ ಆಗಲೇ ಒಣಗುತ್ತದೆ. ಬೆವರುಸಾಲೆಗೆ ಪೌಡರು. ಪುನರ್ಪುಳಿ ಶರಬತ್ತಿನ ಬಾಟಲಿ. ಉಪ್ಪು ನೀರಾಗದಿರಲು ಡಬ್ಬಿಗೆ ನಾಲ್ಕು ಅಕ್ಕಿಕಾಳು. ಇವರು ಚರ್ಮದ ಬೂಟು ಇಡು ಅಂದರು. "ಅಲ್ಲಿ ಬೂಟಿಗೆ ಒಂದೇ ವಾರದಲ್ಲಿ ಬೂಸ್ಟು ಬರ್ತದೆ ಮಾರಾಯ್ರೆ, ಚಪ್ಪಲಿ ಸಾಕು" ಅಂದೆ. ಯಾವ ಬೂಟು, ಎಲ್ಲಿಗೆ ಹಾಕಿಕೊಂಡು ಹೋಗುವವರು ಅಂತ ಇಬ್ಬರೂ ಕೇಳಲಿಲ್ಲ.

ಮೆಷಿನ್ನಿನ ವಿಷಯಕ್ಕೆ ಮಾತ್ರ ನಾನು ಬಾಯಿ ಹಾಕಲಿಲ್ಲ. ಹೆಚ್ಚಿನ ಫಿಲ್ಟರು, ಎಕ್ಸ್‌ಟೆನ್ಷನ್ ಬೋರ್ಡು, ಫ್ಯೂಸು, ಸ್ಕ್ರೂಡ್ರೈವರು, ಕರೆಂಟಿದೆಯೋ ಇಲ್ಲವೋ ನೋಡುವ ಟೆಸ್ಟರು, ಎಲ್ಲವನ್ನೂ ಇವರ ತೊಡೆಯ ಮೇಲೆ ಇಟ್ಟೆ; ಒಂದೊಂದನ್ನೂ ಮುಟ್ಟಿ ನೋಡಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ದಾರಿಗೆ ಅಂತ, ಅಲ್ಲಿ ಕರೆಂಟು ಹೋದರೆ ಅಂತ ಎರಡು ಸಿಲಿಂಡರು ಬೇರೆ. ಬೀಚಿಗೆ ಹೋಗುವವರ ಸಾಮಾನು ಇದು ಅಂತ ಯಾರಿಗಾದರೂ ಹೇಳಿದರೆ ನಂಬುತ್ತಿರಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೈಯಲ್ಲಿ ಈಜುವ ಬಟ್ಟೆ ಹಿಡಿದುಕೊಂಡು "ಅಮ್ಮ, ಈಸ್ ಇಟ್ ಓಕೆ ಇಫ್ ಐ ಟೇಕ್ ದಿಸ್?" ಅಂತ ಕೇಳಿದಳು. ಹದಿನಾರರ ಹುಡುಗಿ, ಸಮುದ್ರಕ್ಕೆ ಹೋಗುತ್ತಿದ್ದಾಳೆ, ತಪ್ಪೇನು? ಆದರೂ ನಾನು ಇವರ ಮುಖ ನೋಡಿದೆ. ಇವರೇ ಅಂದರು, "ತಗೋಮ್ಮ. ಸಮುದ್ರದ್ ಹತ್ರ ಹೋಗಿ ದಡದಲ್ಲಿ ಕೂತಿರ್ತೀಯಾ?" ಅವಳು ಅದನ್ನು ಅಪ್ಪನ ಹಾಗೇ ಬಿಗಿಯಾಗಿ ಸುತ್ತಿ, ತನ್ನ ಸ್ವೆಟರನ್ನೂ ಸುತ್ತಿ ನನ್ನ ಕೈಗೆ ಕೊಟ್ಟು ಹೋದಳು.

ಹೊರಗಿನ ಜಿಪ್ಪು ತೆಗೆದು ಮಗಳ ಸ್ವೆಟರ್ ಒಳಗಿಟ್ಟೆ. ಕಪಾಟಿನಿಂದ ಇವರ ಬೂದು ಸ್ವೆಟರ್ ತೆಗೆದು ಸುತ್ತತೊಡಗಿದೆ.

"ಅದು ಬೇಡ" ಅಂದರು ಇವರು.

"ಎಂತ ಬೇಡ?"

"ಸ್ವೆಟ್ರು. ನಂದು ಬೇಡ."

"ಬರುವಾಗ?"

ಇವರು ಕಿಟಕಿಯ ಆಚೆ ನೋಡುತ್ತಿದ್ದರು. ಕೆಳಗೆ ವೆಸ್ಟ್‌ಲ್ಯಾಂಡ್ಸ್‌ನ ರಸ್ತೆಯಲ್ಲಿ ಮಟಾಟು ವ್ಯಾನುಗಳು ಹಾರ್ನ್ ಹೊಡೆಯುತ್ತಾ ಒಂದರ ಹಿಂದೆ ಒಂದು ನಿಂತಿದ್ದವು. ಉಸಿರು ಸಿಕ್ಕಿದ ಮೇಲೆ ಹೇಳಿದರು, "ನಿಂದು ಇಡು. ಮಗೂದು ಇಡು. ಸಾಕು."

ಸಿಟ್ಟು ಬಂದರೆ ನನ್ನ ಬಾಯಿಗೆ ಊರಿನ ಮಾತೇ ಬರುವುದು. "ನಿಮಗೆ ಮಂಡೆ ಸಮ ಉಂಟಾ? ಹೋಗುವ ಮೊದಲೇ ಎಂತ ಮಾತು ಇದು? ಇಷ್ಟೆಲ್ಲ ನಾನು ಯಾರಿಗೆ ಕಟ್ಟುವುದು ಹಾಗಾದರೆ?" ಅಂದೆ. ಮೊದಲಾಗಿದ್ದರೆ ಇವರು ಒಂದಕ್ಕೆರಡು ಹೇಳುತ್ತಿದ್ದರು. ನಮ್ಮ ಜಗಳ ಕೇಳಿ ಮಗಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈಗ ಜಗಳಕ್ಕೂ ಉಸಿರು ಬೇಕು. "ನಿಮ್ಮದು ಬೇಡದಿದ್ದರೆ ನನ್ನದೂ ಬೇಡ. ನಾನೂ ನಡುಗಿಕೊಂಡೇ ಬರ್ತೇನೆ" ಅಂತ ಹೇಳಿ, ಬೂದು ಸ್ವೆಟರನ್ನು ಮಂಚದ ಮೇಲೆ ಎಸೆದು ಅಡುಗೆಮನೆಗೆ ಹೋದೆ. ನನ್ನ ಕೆಂಪು ಸ್ವೆಟರು ಅಲ್ಲಿ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಬೆಳಿಗ್ಗೆ ಅಡುಗೆ ಮಾಡುವಾಗ ಹಾಕಿಕೊಳ್ಳಲು ಅದು ಯಾವಾಗಲೂ ಅಲ್ಲೇ ಇರುತ್ತಿತ್ತು. ಅದನ್ನು ಮುಟ್ಟಲಿಲ್ಲ. ಜಗಳದಲ್ಲಿ ಕೊನೆಯ ಮಾತು ನನ್ನದೇ ಆಗಿತ್ತು. ಎಷ್ಟೋ ವರ್ಷ ನಾನು ಬಯಸಿದ್ದು ಅದನ್ನೇ. ಸಿಂಕಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ.

ಮಧ್ಯಾಹ್ನ ಇವರಿಗೆ ಕುರ್ಚಿಯಲ್ಲೇ ಜೋಂಪು ಹತ್ತಿತು. ನಾನು ಸದ್ದಾಗದ ಹಾಗೆ ಬೂದು ಸ್ವೆಟರನ್ನು ಸುತ್ತಿ, ತೋಳುಗಳನ್ನು ಒಳಗೆ ಸಿಕ್ಕಿಸಿ, ಹೊರಗಿನ ಖಾನೆಗೆ ಹಾಕಿ ಜಿಪ್ಪು ಎಳೆದೆ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ನನಗೆ ಅದು ಸ್ವೆಟರು. ಅದು ನಮ್ಮ ಜೊತೆ ಹೋದರೆ ಅದನ್ನು ಹಾಕಿಕೊಳ್ಳುವವರು ವಾಪಸ್ ಬರಲೇಬೇಕು ಅಂತ ನನ್ನ ಮನಸ್ಸು ಲೆಕ್ಕ ಹಾಕಿತ್ತು. ಸುಳ್ಳು ಲೆಕ್ಕ ಅಂತ ಗೊತ್ತಿದ್ದೂ ಹಾಕಿತ್ತು. ಎಂದೂ ಹರಕೆ ಹೊತ್ತವಳಲ್ಲ ನಾನು, ಜಿಪ್ಪು ಎಳೆಯುವಾಗ ಮನಸ್ಸಿನಲ್ಲೇ ಊರಿನ ಮಾರಿಗೆ ಒಂದು ಸೀರೆ ಹೇಳಿಕೊಂಡೆ.

ಹೊರಡುವ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ನಾನೂ ಮಗಳೂ ಡ್ರೈವರನ ಜೊತೆ ಸಿಲಿಂಡರುಗಳನ್ನು ಕೆಳಗಿಳಿಸಿ ವ್ಯಾನಿನಲ್ಲಿ ಕಟ್ಟಿಸಿ ಮೇಲೆ ಬಂದಾಗ ಇವರು ಕುರ್ಚಿಯಲ್ಲಿರಲಿಲ್ಲ. ಮಂಚದ ತುದಿಯಲ್ಲಿ, ನೀಲಿ ಬ್ಯಾಗಿನ ಪಕ್ಕ ಕೂತು ಏದುಸಿರು ಬಿಡುತ್ತಿದ್ದರು. ಹಣೆಯಲ್ಲಿ ಬೆವರು. ಟ್ಯೂಬು ಮೂಗಿನಿಂದ ಜಾರಿ ಕೊರಳಿಗೆ ಬಂದಿತ್ತು. ನನಗೆ ಜೀವ ಬಾಯಿಗೆ ಬಂತು. ಟ್ಯೂಬು ಸರಿಮಾಡಿ, ಬೆನ್ನು ನೀವಿ, ಸಾಕಷ್ಟು ಬೈದೆ. ಎಲ್ಲ ಮುಗಿದ ಮೇಲೆ ಇವರು ಹೇಳಿದ್ದು ಇಷ್ಟೇ: "ಟೆಸ್ಟರ್ ಇಟ್ಟಿದೀಯಾ ಅಂತ ನೋಡ್ತಿದ್ದೆ ಕಣೇ."

"ನಿಮ್ಮೆದುರೇ ಅಲ್ವಾ ಇಟ್ಟದ್ದು?"

"ಮರ್ತೋಯ್ತು."

ಇವರು ಯಾವತ್ತೂ ಏನನ್ನೂ ಮರೆತವರಲ್ಲ. ಕಾಯಿಲೆ ತಲೆಗೂ ಏರುತ್ತಿದೆ ಅಂದುಕೊಂಡು ಇನ್ನಷ್ಟು ಹೆದರಿದೆ.

ಮೊಂಬಾಸಾದ ದಾರಿ ಇಳಿಯುತ್ತಾ ಹೋಗುತ್ತದೆ, ಆದರೆ ಘಟ್ಟದ ಹಾಗೆ ತಿರುವು ಮುರುವು ಇಲ್ಲ. ಇಳಿಯುತ್ತಿದ್ದೇವೆ ಅಂತ ಗೊತ್ತಾಗುವುದು ಮೈಗೆ. ಮೊದಲು ಮಗಳು ಜಾಕೆಟ್ ತೆಗೆದಳು. ಆಮೇಲೆ ನಾನು ಶಾಲು ತೆಗೆದೆ. ವೋಯಿ ದಾಟುವಾಗ ಎಲ್ಲರ ಕತ್ತಿನಲ್ಲೂ ಬೆವರು. ಇವರು ಬೆರಳಿಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರದಲ್ಲಿ ಆಮ್ಲಜನಕದ ಅಂಕಿ ನೋಡುತ್ತಾ ಕೂತಿದ್ದರು. ಅಂಕಿ ಸ್ವಲ್ಪ ಏರಿತು. "ಡಾಕ್ಟ್ರು ಸುಳ್ಳು ಹೇಳಿಲ್ಲ ಕಣೇ" ಅಂತ ನನಗೆ ತೋರಿಸಿದರು, ಟೆಸ್ಟು ಪಾಸಾದ ಹುಡುಗನ ಹಾಗೆ. ನಾನೂ ಒಂದು ಗಳಿಗೆ ನಂಬಿದೆ.

ನ್ಯಾಲಿಯ ಮನೆಯಲ್ಲಿ ಮೊದಲ ಕೆಲವು ದಿನ ನಿಜಕ್ಕೂ ಸುಲಭವಾಯಿತು. ವರಾಂಡದವರೆಗೆ ನಡೆದರು. ಬೈರಾಸು ಹೆಗಲಿಗೆ ಹಾಕಿಕೊಂಡು ಬೆವರು ಒರೆಸುತ್ತಾ "ಇದ್ರಲ್ಲಿ ಹೆಂಗೆ ಹುಟ್ಟಿ ಬೆಳೆದ್ರಿ ನೀವೆಲ್ಲ?" ಅಂತ ರೇಗಿಸಿದರು. ನಾನು ಪುನರ್ಪುಳಿ ಶರಬತ್ತು ಮಾಡಿಕೊಟ್ಟೆ. ಮಗಳು ಸಮುದ್ರಕ್ಕೆ ಹೋಗಿ ಬಂದು, ಒದ್ದೆ ಕೂದಲಿನಲ್ಲಿ, ಆ ಹುಲ್ಲಿನ ಟೋಪಿಯಲ್ಲಿ ಅಪ್ಪನ ಎದುರು ಕೂತು ಅಲೆ ಎಷ್ಟು ದೊಡ್ಡದಿತ್ತು ಅಂತ ಹೇಳುತ್ತಿದ್ದಳು. ನೀಲಿ ಬ್ಯಾಗು ಮಂಚದ ಪಕ್ಕ ಗೋಡೆಗೆ ಒರಗಿತ್ತು. ಕಾಯ್ದೆಯ ಪ್ರಕಾರ ಅದರ ಹೊರಗಿನ ಜಿಪ್ಪನ್ನು ನಾನು ತೆಗೆಯಲಿಲ್ಲ. ಆದರೆ ಅದರ ಪಕ್ಕ ಹಾದು ಹೋಗುವಾಗಲೆಲ್ಲ ಕೈಯಿಂದ ಒಮ್ಮೆ ಒತ್ತಿ ನೋಡುತ್ತಿದ್ದೆ. ಒಳಗೆ ಉಬ್ಬಾಗಿ, ಮೆತ್ತಗಿತ್ತು. ಇದೆ ಅಂದುಕೊಳ್ಳುತ್ತಿದ್ದೆ.

ಆಮೇಲೆ ಅಂಕಿ ಇಳಿಯತೊಡಗಿತು. ಅದಕ್ಕೆ ಬೇರೆ ಕಾರಣವೇನೂ ಇರಲಿಲ್ಲ. ನಾರಿಗೆ ಎಷ್ಟು ಗಾಳಿ ಕೊಟ್ಟರೂ ಅದು ನಾರೇ. ವರಾಂಡ ಬಿಟ್ಟರು, ಕುರ್ಚಿ ಬಿಟ್ಟರು, ಮಂಚದಲ್ಲೇ ದಿಂಬಿಗೆ ಒರಗಿ ಕೂತಿರುತ್ತಿದ್ದರು. ಅಲ್ಲಿಯ ಡಾಕ್ಟರಿಗೂ ಹೇಳಲು ಹೊಸದೇನೂ ಇರಲಿಲ್ಲ. ನಾನು ಹಗಲೆಲ್ಲ ಬೀಸಣಿಗೆ ಹಿಡಿದು ಕೂರುತ್ತಿದ್ದೆ. ಫ್ಯಾನಿತ್ತು, ಆದರೂ ಬೀಸುತ್ತಿದ್ದೆ. ಮಗಳ ರಜೆ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಕರೆಂಟಿತ್ತು, ಮೆಷಿನ್ ಸರಿಯಾಗಿ ಓಡುತ್ತಿತ್ತು, ಸಿಲಿಂಡರುಗಳಲ್ಲಿ ಒಂದನ್ನು ಮುಟ್ಟಿಯೂ ಇರಲಿಲ್ಲ, ಇವರು ಹೋಗಿಬಿಟ್ಟರು. ನಾವು ಹೆದರಿದ್ದ ಯಾವುದೂ ಕೆಟ್ಟಿರಲಿಲ್ಲ.

ಅಲ್ಲೇ ಎಲ್ಲ ಮುಗಿಸಿದೆವು. ಬೂದಿಯನ್ನು ಅಲ್ಲಿಯ ಸಮುದ್ರಕ್ಕೆ ಬಿಟ್ಟೆವು. ಅಕ್ಕ ಫೋನಿನಲ್ಲಿ ಅಳುತ್ತಾ, ಅದೂ ನಮ್ಮೂರಿನ ಸಮುದ್ರವೂ ಒಂದೇ ನೀರಲ್ಲವಾ ಅಂದಳು. ನಾನು ಹೌದು ಅಂದೆ. ಪಂಚೆ, ಬನಿಯನ್ನುಗಳನ್ನು ಅಲ್ಲಿಯ ಕಾವಲುಗಾರನಿಗೆ ಕೊಟ್ಟೆ. ಬೈರಾಸುಗಳನ್ನು ಇಟ್ಟುಕೊಂಡೆ. ನೀಲಿ ಬ್ಯಾಗಿನಲ್ಲಿ ಒಳಗೆ ಹೆಚ್ಚೇನೂ ಉಳಿಯಲಿಲ್ಲ. ಹೊರಗಿನ ಖಾನೆ ಮಾತ್ರ ಉಬ್ಬಾಗಿತ್ತು. ಅದನ್ನು ನೈರೋಬಿಯಲ್ಲಿ ತೆಗೆಯಬೇಕಾಗುತ್ತದೆ ಅನ್ನುವುದೇ ನನಗೆ ದೊಡ್ಡ ಹೆದರಿಕೆಯಾಗಿತ್ತು. ಆ ಬೂದು ಬಣ್ಣ ನನ್ನ ಕಣ್ಣಿಗೆ ಬೀಳದಿರಲಿ ಅಂತ ಬೇಡಿಕೊಂಡೆ.

ಅದೇ ವ್ಯಾನು, ಅದೇ ಡ್ರೈವರು. ಏರುತ್ತಾ ಬಂದೆವು. ಸಂಜೆಯ ಹೊತ್ತಿಗೆ ನೈರೋಬಿ ಹತ್ತಿರವಾದಾಗ ಮಳೆ ಸುರಿಯುತ್ತಿತ್ತು. ಕಿಟಕಿಯ ಸಂದಿಯಿಂದ ಆ ಹಳೆಯ ತಣ್ಣನೆಯ ಗಾಳಿ ಬಂತು. ಮಗಳು ಕೈಗಳನ್ನು ಉಜ್ಜಿಕೊಳ್ಳುತ್ತಾ ಹಿಂದಕ್ಕೆ ಬಾಗಿ ಜಿಪ್ಪು ತೆಗೆದು ತನ್ನ ಸ್ವೆಟರ್ ಹಾಕಿಕೊಂಡಳು. ನಾನು ಮುಖ ತಿರುಗಿಸಿ ಕೂತೆ.

"ಅಮ್ಮ, ಹಿಯರ್ ಈಸ್ ಯುವರ್ಸ್."

"ಅದು ನನ್ನದಲ್ಲ. ಅಪ್ಪಂದು. ಒಳಗಿಡು."

"ನೋ, 'ಮ್ಮ. ಲುಕ್."

ತೊಡೆಯ ಮೇಲೆ ಇಟ್ಟಳು. ಕೆಂಪು. ಬಿಗಿಯಾಗಿ ಸುತ್ತಿದ್ದು, ತೋಳುಗಳನ್ನು ಒಳಗೆ ಸಿಕ್ಕಿಸಿದ್ದು, ನಾನು ಸುತ್ತಿದರೆ ಎಂದೂ ಅಷ್ಟು ಬಿಗಿ ಬರುವುದಿಲ್ಲ. ನಾನು ಕೈಹಾಕಿ ಆ ಖಾನೆಯನ್ನು ತಳದವರೆಗೂ ತಡಕಾಡಿದೆ. ಬೇರೇನೂ ಇರಲಿಲ್ಲ.

"ಹಾಕ್ಕೋ, ಅಮ್ಮ" ಅಂದಳು ಮಗಳು. ಹಾಕಿಕೊಂಡೆ.

ಮನೆಗೆ ಬಂದು ಕೋಣೆಯ ಕಪಾಟು ತೆಗೆದೆ. ಬೂದು ಸ್ವೆಟರು ಅದರ ಜಾಗದಲ್ಲೇ ಇತ್ತು, ಗುಂಡಿಗಳನ್ನೆಲ್ಲ ಹಾಕಿ ಇಟ್ಟಿದ್ದರು. ಅಡುಗೆಮನೆಗೆ ಹೋದೆ. ಕುರ್ಚಿಯ ಬೆನ್ನು ಖಾಲಿ. ಕೋಣೆಯಿಂದ ಅಲ್ಲಿಗೆ ನಮಗಾದರೆ ಒಂದು ದೂರವೇ ಅಲ್ಲ, ಹಾಲು ಉಕ್ಕುವ ಸದ್ದಾದರೆ ಓಡಿ ಬಂದು ಒಲೆ ಆರಿಸುವಷ್ಟು ಹತ್ತಿರ. ಇವರು ಗೋಡೆ ಹಿಡಿದುಕೊಂಡು ಬಂದಿರಬೇಕು, ಈ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡಿರಬೇಕು, ಸ್ವೆಟರು ಹಿಡಿದುಕೊಂಡು ಮತ್ತೆ ಅಷ್ಟೇ ದೂರ ವಾಪಸ್ ಹೋಗಿರಬೇಕು, ನಾವು ಕೆಳಗೆ ಮಳೆಯಲ್ಲಿ ಸಿಲಿಂಡರು ಕಟ್ಟಿಸುತ್ತಿದ್ದ ಹೊತ್ತಿನಲ್ಲಿ. ಟ್ಯೂಬು ಅಡುಗೆಮನೆಯವರೆಗೆ ಬರುತ್ತಿರಲಿಲ್ಲ.